ಗಾಳಿಯಿರುವಾಗ ಬೆಂಕಿ ಹಚ್ಚಿದವನು ಹೊಣೆಗಾರ

(ಜುಮಾ ಖುತ್ಬಾದ ಸಾರಾಂಶ)

ಭೂಮಿ ಆಕಾಶಗಳನ್ನು ಅಳತೆಯಿಂದ ಸೃಷ್ಟಿಸಿ, ಮಳೆಗೂ ಗಾಳಿಗೂ ಬಿಸಿಲಿಗೂ ಒಂದು ಲೆಕ್ಕವಿಟ್ಟ ಅಲ್ಲಾಹನಿಗೆ ಸಕಲ ಸ್ತುತಿ. ಅವನ ಅಂತಿಮ ಪ್ರವಾದಿ ಹಝ್ರತ್ ಮುಹಮ್ಮದ್ ಮುಸ್ತಫಾ(ಸ)ರ ಮೇಲೆ, ಅವರ ಕುಟುಂಬದವರ ಮೇಲೆ, ಸಹಾಬಿಗಳ ಮೇಲೆ ಸಲಾತ್ ಮತ್ತು ಸಲಾಮ್. ಸಹೋದರರೇ, ಮೊದಲು ನಮಗೂ ಆಮೇಲೆ ನಿಮಗೂ ತಖ್ವಾದ ಉಪದೇಶ ಮಾಡುತ್ತೇವೆ. ಅಲ್ಲಾಹನನ್ನು ಭಯಪಡೋಣ. ಅವನು ನಮ್ಮ ಕೈಗೆ ಒಪ್ಪಿಸಿರುವ ಪ್ರತಿಯೊಂದರ ಬಗ್ಗೆಯೂ ನಾಳೆ ಕೇಳಲಿದ್ದಾನೆ.

ಮದೀನಾದಲ್ಲಿ ಇಂಥದೇ ಒಂದು ಜುಮಾ. ಪ್ರವಾದಿ(ಸ) ನಿಂತು ಖುತ್ಬಾ ನೀಡುತ್ತಿದ್ದರು. ಒಬ್ಬ ವ್ಯಕ್ತಿ ಮಸೀದಿಯ ಬಾಗಿಲಿನಿಂದ ಒಳಬಂದು, ಜಾನುವಾರುಗಳು ಸಾಯುತ್ತಿವೆ, ದಾರಿಗಳು ಮುಚ್ಚಿಹೋಗಿವೆ, ಮಳೆಗಾಗಿ ದುಆ ಮಾಡಿ ಎಂದು ಬೇಡಿಕೊಂಡ. ಪ್ರವಾದಿ(ಸ) ಕೈಯೆತ್ತಿದರು. ಆಕಾಶದಲ್ಲಿ ಮೋಡದ ಒಂದು ತುಣುಕೂ ಇರಲಿಲ್ಲ ಎಂದು ಹಝ್ರತ್ ಅನಸ್(ರ) ನೆನೆಯುತ್ತಾರೆ. ಬೆಟ್ಟದ ಹಿಂದಿನಿಂದ ಗುರಾಣಿಯಷ್ಟು ಮೋಡ ಎದ್ದಿತು, ಹರಡಿತು, ಸುರಿಯಿತು. ಒಂದು ವಾರ ಸೂರ್ಯನ ಮುಖ ಕಾಣಲಿಲ್ಲ. ಮುಂದಿನ ಜುಮಾಗೆ ಮತ್ತೆ ಅದೇ ಬಾಗಿಲಿನಿಂದ ಒಬ್ಬ ವ್ಯಕ್ತಿ ಬಂದ. ಈ ಸಲ ಅವನ ಮಾತು ಬೇರೆ: ಆಸ್ತಿ ಹಾಳಾಗುತ್ತಿದೆ, ದಾರಿಗಳು ಕಡಿದುಹೋಗಿವೆ, ಮಳೆ ನಿಲ್ಲುವಂತೆ ದುಆ ಮಾಡಿ. ಪ್ರವಾದಿ(ಸ) ಮತ್ತೆ ಕೈಯೆತ್ತಿ, ಈ ಮಳೆ ನಮ್ಮ ಮೇಲೆ ಬೇಡ, ನಮ್ಮ ಸುತ್ತಲಿನ ಗುಡ್ಡಗಳ ಮೇಲೆ, ಕಣಿವೆಗಳಲ್ಲಿ, ಗಿಡಮರ ಬೆಳೆಯುವ ಕಡೆ ಬೀಳಲಿ ಎಂಬರ್ಥದ ದುಆ ಮಾಡಿದರು. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಈ ಘಟನೆ ಇದೆ.

ಸಹೋದರರೇ, ಆ ಎರಡು ಮೊರೆಗಳ ನಡುವೆ ಒಂದು ವಾರವಿತ್ತು. ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರಿನಲ್ಲಿ ಅವೆರಡೂ ಒಂದೇ ವರ್ಷದೊಳಗೆ ಕೇಳಿಬಂದವು. 2023ರ ಆಗಸ್ಟ್ ನೆನಪಿದೆಯೇ? 1901ರಿಂದ ಇಟ್ಟುಕೊಂಡಿರುವ ದಾಖಲೆಯಲ್ಲಿ ಇಡೀ ದೇಶಕ್ಕೆ ಅದರಷ್ಟು ಒಣಗಿದ ಆಗಸ್ಟ್ ಇಲ್ಲ. ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಸರಕಾರ ಬರಪೀಡಿತವೆಂದು ಘೋಷಿಸಿತು. ಕೃಷ್ಣರಾಜಸಾಗರ ಆ ವರ್ಷ 124.80 ಅಡಿ ಮುಟ್ಟಲೇ ಇಲ್ಲ. ನಾವೆಲ್ಲ ಮಳೆಗಾಗಿ ದುಆ ಮಾಡಿದೆವು. 2024ರ ಜುಲೈ ಬಂತು. ಕೃಷ್ಣರಾಜಸಾಗರವೂ ತುಂಬಿತು, ಕಬಿನಿಯೂ ತುಂಬಿತು, ಎರಡೂ ಅಣೆಕಟ್ಟುಗಳ ಬಾಗಿಲು ತೆರೆದವು, ಲಕ್ಷ ಕ್ಯುಸೆಕ್ ಮೀರಿದ ನೀರು ನಮ್ಮ ಕಾವೇರಿ ದಂಡೆಗೆ ಬಂತು. ದಾಸನಪುರ, ಹಳೇ ಹಂಪಾಪುರ, ಹಳೇ ಅಣಗಳ್ಳಿ, ಮುಳ್ಳೂರಿನ ಕಡೆಯ ಜನ ಗಂಟುಮೂಟೆ ಕಟ್ಟುವುದನ್ನು ಈಗ ಕಲಿತುಬಿಟ್ಟಿದ್ದಾರೆ. 2018ರಲ್ಲಿ ಕಟ್ಟಿದ್ದರು, 2019ರಲ್ಲಿ ಕಟ್ಟಿದ್ದರು, 2024ರಲ್ಲೂ ಕಟ್ಟಿದರು. ಇತ್ತ 2022ರ ಮಳೆಗಾಲದ ಕೊನೆಯಲ್ಲಿ ಸುವರ್ಣಾವತಿ ಉಕ್ಕಿ ಯಳಂದೂರಿನ ಸುತ್ತ ನೀರು ನಿಂತದ್ದನ್ನೂ ಕಂಡಿದ್ದೇವೆ.

ನೀರಿನ ಕಥೆ ಹೀಗೆ. ಇನ್ನು ಬೆಂಕಿಯ ಕಥೆ. ಈ ಮೂರು ತಾಲೂಕುಗಳಿಗೆ ಬೆನ್ನಿಗಿರುವುದು ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ ಮತ್ತು ಕಾವೇರಿ ವನ್ಯಧಾಮದ ಕಾಡು. ಎಲೆ ಉದುರಿ, ಹುಲ್ಲು ಒಣಗಿ, ಫೆಬ್ರವರಿ ಬಂತೆಂದರೆ ಅರಣ್ಯ ಇಲಾಖೆಯವರಿಗೆ ನಿದ್ದೆಯಿಲ್ಲ. ಕಾಡಿನ ಅಂಚಿನಲ್ಲಿ ಬೆಂಕಿ ರೇಖೆ ಎಳೆಯುತ್ತಾರೆ, ಬೇಸಿಗೆಗೆಂದು ಕಾವಲುಗಾರರನ್ನು ನೇಮಿಸುತ್ತಾರೆ. ಆದರೂ ಕೆಲವು ರಾತ್ರಿ ಬೆಟ್ಟದ ಮೇಲೆ ಕೆಂಪು ಗೆರೆ ಹರಿದಾಡುವುದು ಹಳ್ಳಿಯ ಜಗಲಿಗೆ ಕಾಣುತ್ತದೆ. ನಮ್ಮದೇ ಜಿಲ್ಲೆಯ ಬಂಡೀಪುರದಲ್ಲಿ 2017ರ ಫೆಬ್ರವರಿಯಲ್ಲಿ ಬೆಂಕಿ ಆರಿಸಲು ಹೋದ ಒಬ್ಬ ಅರಣ್ಯ ರಕ್ಷಕ ಮರಳಿ ಬರಲಿಲ್ಲ. ಅದೇ ಬಂಡೀಪುರದಲ್ಲಿ 2019ರ ಫೆಬ್ರವರಿಯ ಐದಾರು ದಿನಗಳಲ್ಲಿ ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡು ಸುಟ್ಟುಹೋಯಿತು. ಓಡಲಾರದ ಹಾವು, ಆಮೆ, ಗೂಡಿನ ಮರಿ, ಎಷ್ಟು ಸತ್ತವೋ ಅಲ್ಲಾಹನೇ ಬಲ್ಲ. ಅವೂ ನಮ್ಮ ಹಾಗೆಯೇ ಸಮುದಾಯಗಳೆಂದು ಕುರ್‌ಆನ್ ಕಲಿಸಿದೆ (ಅಲ್ ಅನ್‌ಆಮ್: 38).

ಇದೆಲ್ಲ ಏಕೆ ಆಗುತ್ತಿದೆ ಎಂದು ಚಹಾ ಅಂಗಡಿಯಲ್ಲಿ ಕೇಳಿದರೆ ಮೂರು ಉತ್ತರ ಸಿಗುತ್ತವೆ. ಒಬ್ಬರು, ಎಲ್ಲವೂ ಅಲ್ಲಾಹನ ಮರ್ಜಿ, ನಾವೇನು ಮಾಡಲಾದೀತು ಎನ್ನುತ್ತಾರೆ. ಇನ್ನೊಬ್ಬರು, ಇದು ಹವಾಮಾನ ಬದಲಾವಣೆ, ದೊಡ್ಡ ದೇಶಗಳು ಮಾಡಿದ ಪಾಪ, ನಮ್ಮ ಪಾತ್ರವೇನಿಲ್ಲ ಎನ್ನುತ್ತಾರೆ. ಮೂರನೆಯವರು, ಯಾರೋ ಹಚ್ಚಿದ್ದು, ದನ ಕಾಯುವವರೋ ಸೋಲಿಗರೋ ಇರಬೇಕು ಎಂದು ಬೆರಳು ತೋರಿಸುತ್ತಾರೆ. ಮೂರು ಮಾತುಗಳೂ ಬೇರೆ ಬೇರೆ. ಆದರೆ ಗಮನಿಸಿ, ಮೂರರಲ್ಲೂ ಹೇಳುವವನ ಕೈ ಮಾತ್ರ ಸ್ವಚ್ಛವಾಗಿ ಉಳಿಯುತ್ತದೆ. ಇಂದು ನಾವು ಮಾತಾಡಬೇಕಾದದ್ದು ಆ ಕೈಯ ಬಗ್ಗೆ.

ಮೊದಲ ಉತ್ತರವನ್ನು ನೋಡೋಣ. ಅಲ್ಲಾಹನ ಇಚ್ಛೆಯಿಲ್ಲದೆ ಎಲೆಯೂ ಉದುರದು, ಇದು ನಮ್ಮ ಈಮಾನ್. ಆದರೆ ಕಾರಣ ಹುಡುಕಬೇಡಿ ಎಂದು ದೀನ್ ನಮಗೆ ಕಲಿಸಿಲ್ಲ. ಪ್ರವಾದಿ(ಸ)ರ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನವೇ ಸೂರ್ಯಗ್ರಹಣವಾಯಿತು. ಮಗು ತೀರಿಕೊಂಡದ್ದಕ್ಕೇ ಗ್ರಹಣ ಹಿಡಿಯಿತೆಂದು ಜನ ಆಡಿಕೊಂಡರು. ದುಃಖದಲ್ಲಿದ್ದ ತಂದೆಗೆ ಆ ಮಾತು ಹಿತವಾಗಿಯೇ ಕೇಳಬಹುದಿತ್ತು. ಆದರೂ ಪ್ರವಾದಿ(ಸ) ಅದನ್ನು ತಿದ್ದಿದರು: ಸೂರ್ಯ ಚಂದ್ರರು ಅಲ್ಲಾಹನ ಕುರುಹುಗಳು, ಯಾರ ಸಾವಿಗೂ ಯಾರ ಹುಟ್ಟಿಗೂ ಅವಕ್ಕೆ ಗ್ರಹಣ ಹಿಡಿಯುವುದಿಲ್ಲ ಎಂದು ತಿಳಿಸಿದರು. ಆಮೇಲೆ ನಮಾಝ್‌ಗೆ ನಿಂತರು. ತಪ್ಪು ಕಾರಣವನ್ನು ತಳ್ಳಿಹಾಕುವುದೂ ಸುನ್ನತ್, ಅಲ್ಲಾಹನ ಮುಂದೆ ಬಾಗುವುದೂ ಸುನ್ನತ್. ಒಂದು ಇನ್ನೊಂದಕ್ಕೆ ವಿರೋಧಿಯಲ್ಲ.

ಹಾಗಾದರೆ ಎರಡನೆಯ ಉತ್ತರ, ಹವಾಮಾನ ಬದಲಾವಣೆ. ಇದು ನಿಜವೇ? ತಿಳಿದವರನ್ನು ಕೇಳಿ ಎಂದು ಕುರ್‌ಆನ್ ಹೇಳಿದೆ. ತಿಳಿದವರು ಹೇಳುವುದು ಹೀಗೆ. ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್, ಅನಿಲ ಸುಟ್ಟಾಗ ಬರುವ ಇಂಗಾಲದ ಡೈಆಕ್ಸೈಡ್ ಗಾಳಿಯಲ್ಲಿ ಉಳಿದು ಭೂಮಿಗೆ ಕಂಬಳಿ ಹೊದಿಸಿದಂತೆ ಶಾಖವನ್ನು ಹಿಡಿದಿಡುತ್ತದೆ. ಕಾರ್ಖಾನೆಗಳ ಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅದು ಸುಮಾರು 280 ಪಾಲಿತ್ತು. ಈಗ 420 ದಾಟಿದೆ. ಆ ಹಳೆಯ ಕಾಲಕ್ಕೆ ಹೋಲಿಸಿದರೆ 2024ರಲ್ಲಿ ಭೂಮಿಯ ಸರಾಸರಿ ಶಾಖ ಒಂದೂವರೆ ಡಿಗ್ರಿಗಿಂತ ಹೆಚ್ಚಾಗಿತ್ತು. ಒಂದು ಡಿಗ್ರಿ ಏರಿದರೆ ಗಾಳಿ ಸುಮಾರು ಶೇಕಡಾ 7ರಷ್ಟು ಹೆಚ್ಚು ತೇವ ಹಿಡಿಯಬಲ್ಲದು. ಈ ಒಂದೇ ಸಂಗತಿಯಿಂದ ಎರಡು ಕೆಲಸ ನಡೆಯುತ್ತದೆ. ಮಳೆಯಿಲ್ಲದ ದಿನ ಬಾಯಾರಿದ ಗಾಳಿ ಮಣ್ಣಿನಿಂದ, ಎಲೆಯಿಂದ, ಕಡ್ಡಿಯಿಂದ ತೇವವನ್ನು ಹೀರಿ ಎಲ್ಲವನ್ನೂ ಸೌದೆ ಮಾಡುತ್ತದೆ. ಮಳೆ ಬರುವ ದಿನ ಆ ತೇವವನ್ನೆಲ್ಲ ಒಟ್ಟಿಗೇ ಸುರಿದುಬಿಡುತ್ತದೆ. ಬರ ಮತ್ತು ಪ್ರವಾಹ ಬೆನ್ನು ಬೆನ್ನಿಗೆ ಬರುವುದಕ್ಕೆ ಇದೂ ಒಂದು ಕಾರಣ.

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕೈ, ಚೂರಲ್‌ಮಲೆಗಳ ಮೇಲೆ ಬೆಟ್ಟ ಜಾರಿತು. ನೂರಾರು ಜನ, ಅವರಲ್ಲಿ ನಮ್ಮ ದೀನೀ ಸಹೋದರರೂ ಅನೇಕರು, ಮಣ್ಣಿನಡಿ ಸೇರಿದರು. ಆ ಮಳೆಯನ್ನು ಅಧ್ಯಯನ ಮಾಡಿದ ಅಂತಾರಾಷ್ಟ್ರೀಯ ವಿಜ್ಞಾನಿಗಳ ತಂಡ, ಭೂಮಿ ಬಿಸಿಯಾಗಿರುವುದರಿಂದ ಆ ದಿನದ ಮಳೆ ಸುಮಾರು ಶೇಕಡಾ 10ರಷ್ಟು ಹೆಚ್ಚು ಬಿರುಸಾಗಿತ್ತು ಎಂದು ಲೆಕ್ಕ ಹಾಕಿತು. ವಯನಾಡು ನಮಗೆ ದೂರದ ಊರಲ್ಲ. ಕಬಿನಿ ಹುಟ್ಟುವುದು ಆ ಸೀಮೆಯ ಹಳ್ಳಗಳಿಂದ. ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರಿ ಅದೇ ನೀರು ನಮ್ಮ ದಾಸನಪುರದ ಹೊಸ್ತಿಲಿಗೆ ಬರುತ್ತದೆ. ಹಾಗೆಯೇ 2023ರಲ್ಲಿ ಕೆನಡಾದ ಕಾಡುಗಳು ಸುಟ್ಟದ್ದನ್ನು, 2025ರ ಜನವರಿಯಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನ ಮನೆಗಳು ಸಾಲು ಸಾಲಾಗಿ ಉರಿದದ್ದನ್ನು ಮೊಬೈಲಿನಲ್ಲಿ ನೋಡಿದೆವು. ಕೋಟಿಗಟ್ಟಲೆ ಬೆಲೆಯ ಮನೆಗಳೂ ಒಣಗಿದ ಗಾಳಿಯ ಮುಂದೆ ಉಳಿಯಲಿಲ್ಲ.

ಆದರೆ ನ್ಯಾಯವಾಗಿ ಮಾತಾಡಬೇಕು. ಬಿಸಿಲು ಹೆಚ್ಚಾದ ಮಾತ್ರಕ್ಕೆ ಕಾಡು ತಾನಾಗಿಯೇ ಹೊತ್ತಿಕೊಳ್ಳುವುದಿಲ್ಲ. 2023ರ ಬರದ ಹಿಂದೆ ಪೆಸಿಫಿಕ್ ಸಾಗರದ ನೀರು ಕಾಯುವ ಎಲ್ ನಿನೋ ಕೂಡ ಇತ್ತು. ಅದು ಹಿಂದಿನಿಂದಲೂ ಬಂದು ಹೋಗುತ್ತಿರುವುದೇ. ನಮ್ಮ ಕಡೆಯ ಕಾಡಿನ ಬೆಂಕಿಯಲ್ಲಂತೂ ಬಹುಪಾಲು ಮನುಷ್ಯನ ಕೈಯಿಂದಲೇ ಶುರುವಾಗುತ್ತದೆ. ಬೀಡಿ ತುಂಡು, ಅಡುಗೆ ಮಾಡಿ ಆರಿಸದೆ ಬಿಟ್ಟ ಒಲೆ, ಹೊಸ ಹುಲ್ಲು ಚಿಗುರಲೆಂದು ಹಚ್ಚಿದ ಕಡ್ಡಿ, ಹೊಲದ ಕಸಕ್ಕೆ ಇಟ್ಟ ಬೆಂಕಿ, ಕೆಲವೊಮ್ಮೆ ಹಗೆತನ.

ಇದರ ಜೊತೆಗೆ ಲಂಟಾನ. ಹೊರದೇಶದಿಂದ ಅಲಂಕಾರಕ್ಕೆಂದು ತಂದ ಈ ಮುಳ್ಳುಪೊದೆ ನಮ್ಮ ಕಾಡನ್ನು ಒಳಗಿನಿಂದ ನುಂಗಿದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಸಂಶೋಧಕರು ಗುರುತು ಮಾಡಿಟ್ಟ ಜಾಗಗಳನ್ನು 1997ರಲ್ಲಿ ನೋಡಿದಾಗ ಶೇಕಡಾ 41ರಲ್ಲಿ ಲಂಟಾನ ಇತ್ತು. 2008ರಲ್ಲಿ ಮತ್ತೆ ನೋಡಿದಾಗ ಶೇಕಡಾ 81ಕ್ಕೆ ಏರಿತ್ತು. ನೆಲದಿಂದ ಆಳೆತ್ತರಕ್ಕೂ ಮೀರಿ ಒಣಗಿ ನಿಲ್ಲುವ ಆ ಪೊದೆಯನ್ನು ಹತ್ತಿ ಬೆಂಕಿ ಮರದ ತಲೆಗೇ ಏರುತ್ತದೆ. ಸೋಲಿಗ ಹಿರಿಯರನ್ನು ಕೇಳಿದರೆ ಇನ್ನೊಂದು ವಿಷಯ ಹೇಳುತ್ತಾರೆ. ಹಿಂದೆ ಬೇಸಿಗೆಯ ಆರಂಭದಲ್ಲೇ, ತರಗೆಲೆ ತೆಳುವಾಗಿರುವಾಗ, ಅವರು ನೋಡಿಕೊಂಡು ಸಣ್ಣ ಬೆಂಕಿ ಹಾಕುತ್ತಿದ್ದರು. ಅದಕ್ಕೆ ತರಗು ಬೆಂಕಿ ಎಂದು ಹೆಸರು. ಅದು ಮೊಣಕಾಲಿನಷ್ಟು ಉರಿದು ಆರುತ್ತಿತ್ತು, ಲಂಟಾನದ ಸಸಿಯನ್ನೂ ನೆಲ್ಲಿ ಮರದ ಬಂದಳಿಕೆಯನ್ನೂ ಅಂಕೆಯಲ್ಲಿಡುತ್ತಿತ್ತು. 1974ರಲ್ಲಿ ಬೆಟ್ಟ ವನ್ಯಧಾಮವಾದ ಮೇಲೆ ಅದು ನಿಂತಿತು. ತರಗು ವರ್ಷ ವರ್ಷ ಕೂಡುತ್ತಾ ಹೋಯಿತು. ಇದರ ಅರ್ಥ ಇಂದು ಯಾರು ಬೇಕಾದರೂ ಕಡ್ಡಿ ಗೀರಬಹುದು ಎಂದಲ್ಲ. ವನ್ಯಧಾಮದಲ್ಲಿ ಬೆಂಕಿ ಹಚ್ಚುವುದು 1972ರ ಕಾಯ್ದೆಯ ಪ್ರಕಾರ ಅಪರಾಧ. ಕಾಡನ್ನು ಬಲ್ಲವರೂ ಕಾಡನ್ನು ಕಾಯುವವರೂ ಕೂತು ತೀರ್ಮಾನಿಸಬೇಕಾದ ವಿಷಯವದು. ನಾವು ಹೇಳುವುದಿಷ್ಟೇ: ಯಾರನ್ನು ನಾವು ಮೊದಲು ಅನುಮಾನಿಸುತ್ತೇವೋ ಅವರೇ ಕಾಡನ್ನು ಹೆಚ್ಚು ಬಲ್ಲವರಾಗಿರಬಹುದು.

ಇಲ್ಲಿ, ಸಹೋದರರೇ, ಮಿಂಬರಿನ ಮೇಲೆ ಹೇಳಲು ಸಂಕೋಚವಾಗುವ ಒಂದು ಮಾತನ್ನು ಹೇಳಬೇಕಾಗಿದೆ. ನಾವು ಚಿಕ್ಕವರಿದ್ದಾಗ, ಅಣ್ಣತಮ್ಮಂದಿರು ಸೇರಿ, ಕಬ್ಬು ಕಡಿದ ಗದ್ದೆಯ ತರಗಿಗೆ ಒಂದು ಮಧ್ಯಾಹ್ನ ಬೆಂಕಿ ಇಟ್ಟೆವು. ಎಲ್ಲರೂ ಇಡುತ್ತಿದ್ದರು, ನಾವೂ ಇಟ್ಟೆವು. ಗಾಳಿ ಬೀಸುತ್ತಿತ್ತು. ಗಾಳಿ ಇದೆ ಎಂದು ಗೊತ್ತಿತ್ತು. ಊಟಕ್ಕೆಂದು ಮನೆಗೆ ಹೋಗಿ ಬರುವಷ್ಟರಲ್ಲಿ ಬೆಂಕಿ ಬದು ದಾಟಿತ್ತು. ಪಕ್ಕದ ಬಡ ರೈತನ ಹುಲ್ಲಿನ ಬಣವೆ, ಬೇಸಿಗೆಗೆಂದು ಆತ ಎರಡು ಹಸುಗಳಿಗೆ ಕೂಡಿಟ್ಟ ಅಷ್ಟೂ ಮೇವು, ಬೂದಿಯಾಯಿತು. ಸಂಜೆಗೆ ಊರಿನಲ್ಲಿ ಮಾತು ಹುಟ್ಟಿತು. ಬೆಟ್ಟದ ಕಡೆಯಿಂದ ಆಡು ಮೇಯಿಸಲು ಬರುತ್ತಿದ್ದ ಒಬ್ಬ ಹುಡುಗ ಬೀಡಿ ಸೇದಿ ಎಸೆದನಂತೆ. ಹುಡುಗನನ್ನು ಕರೆಸಿ ಗದರಿಸಿದರು, ಎರಡೇಟೂ ಹಾಕಿದರು. ನಾವು ನೋಡುತ್ತಾ ನಿಂತಿದ್ದೆವು. ಮೂರು ದಿನ ಬಾಯಿ ಬಿಡಲಿಲ್ಲ. ನಾಲ್ಕನೆಯ ದಿನ ಅಬ್ಬಾ ಅವರಿಗೆ ಹೇಗೋ ತಿಳಿಯಿತು. ಅವರು ಹೊಡೆಯಲಿಲ್ಲ. ನಮ್ಮನ್ನು ಕರೆದುಕೊಂಡು ಹೋಗಿ ಮೊದಲು ಆ ಹುಡುಗನ ಮುಂದೆ, ಆಮೇಲೆ ಆ ರೈತನ ಮುಂದೆ ನಿಲ್ಲಿಸಿದರು. ಆ ಬೇಸಿಗೆ ಪೂರ್ತಿ ನಮ್ಮ ಮನೆಯ ಹುಲ್ಲು ಅರ್ಧ ಆತನ ಹಸುಗಳಿಗೆ ಹೋಯಿತು.

ನಾವು ಅಬ್ಬಾ ಅವರ ಹತ್ತಿರ ಅತ್ತುಕೊಂಡು, ನಾವು ಹಚ್ಚಿದ್ದು ನಮ್ಮ ಗದ್ದೆಯಲ್ಲಿ, ಗಾಳಿ ಹೊತ್ತುಕೊಂಡು ಹೋಯಿತು, ಅದು ನಮ್ಮ ತಪ್ಪೇ ಎಂದು ಕೇಳಿದ್ದೆವು. ಅದಕ್ಕೆ ಉತ್ತರ ಸಿಕ್ಕಿದ್ದು ಎಷ್ಟೋ ವರ್ಷದ ನಂತರ, ಮದ್ರಸದಲ್ಲಿ ಫಿಖ್ಹ್ ಓದುವಾಗ. ನಮ್ಮ ಫುಖಹಾಗಳು ನೂರಾರು ವರ್ಷಗಳ ಹಿಂದೆಯೇ ಇದೇ ಪ್ರಶ್ನೆಯನ್ನು ಎತ್ತಿಕೊಂಡಿದ್ದಾರೆ. ಒಬ್ಬ ತನ್ನ ಸ್ವಂತ ಜಮೀನಿನಲ್ಲಿ ಬೆಂಕಿ ಹಚ್ಚಿದ. ಅದು ಪಕ್ಕದವನ ಆಸ್ತಿಯನ್ನು ಸುಟ್ಟಿತು. ಹಚ್ಚುವಾಗ ಗಾಳಿ ಶಾಂತವಾಗಿದ್ದು, ಅವನು ವಾಡಿಕೆಯ ಎಚ್ಚರ ವಹಿಸಿದ್ದು, ಆಮೇಲೆ ಅನಿರೀಕ್ಷಿತವಾಗಿ ಗಾಳಿ ಎದ್ದಿದ್ದರೆ ಅವನ ಮೇಲೆ ನಷ್ಟದ ಹೊಣೆ ಇಲ್ಲ. ಆದರೆ ಗಾಳಿ ಬೀಸುತ್ತಿರುವಾಗಲೇ ಹಚ್ಚಿದ್ದರೆ ಅವನು ಹೊಣೆಗಾರ, ನಷ್ಟ ತುಂಬಿಕೊಡಬೇಕು. ಗಾಳಿ ಹೊತ್ತೊಯ್ದಿತು ಎಂಬುದು ನೆಪವಾಗದು. ಏಕೆಂದರೆ ಗಾಳಿ ಇದೆ ಎಂದು ಅವನಿಗೆ ಗೊತ್ತಿತ್ತು.

ಈ ಒಂದು ಮಸ್ಅಲಾವನ್ನು ಮನೆಗೆ ಹೊತ್ತುಕೊಂಡು ಹೋಗಿ. ನಮ್ಮ ಅಜ್ಜಂದಿರ ಕಾಲದಲ್ಲಿ ಒಂದು ಕಡ್ಡಿ ಬೀಡಿ ಬಿದ್ದರೆ ಅಷ್ಟೇನೂ ಆಗುತ್ತಿರಲಿಲ್ಲ. ನೆಲದಲ್ಲಿ ತೇವವಿತ್ತು, ಕಾಡಿನೊಳಗೆ ಲಂಟಾನ ಇಷ್ಟಿರಲಿಲ್ಲ. ಈಗ ಗಾಳಿ ಬಿಸಿಯಾಗಿದೆ, ನೆಲ ಒಣಗಿದೆ, ಕಾಡಿನೊಳಗೆ ಸೌದೆ ಪೇರಿಸಿಟ್ಟಂತಾಗಿದೆ. ಇದು ನಮಗೆ ಗೊತ್ತಿದೆ. ಗೊತ್ತಿದ್ದೂ ಹಚ್ಚಿದವನ ಲೆಕ್ಕವೇ ಬೇರೆ. ಹವಾಮಾನ ಬದಲಾಗಿದೆ ಎಂಬ ಮಾತು ನಮ್ಮ ಹೊಣೆಯನ್ನು ಇಳಿಸುವುದಿಲ್ಲ, ಏರಿಸುತ್ತದೆ. ಅದು ತಪ್ಪಿಸಿಕೊಳ್ಳಲು ಸಿಕ್ಕ ನೆಪವಲ್ಲ, ಮುಂಚಿತವಾಗಿ ಸಿಕ್ಕ ಎಚ್ಚರಿಕೆ.

ಬೆಂಕಿಯ ವಿಷಯದಲ್ಲಿ ಪ್ರವಾದಿ(ಸ) ಎಷ್ಟು ಎಚ್ಚರ ಕಲಿಸಿದ್ದಾರೆ ನೋಡಿ. ಮದೀನಾದಲ್ಲಿ ಒಂದು ರಾತ್ರಿ ಒಂದು ಮನೆ, ಮನೆಯವರಿರುವಾಗಲೇ ಸುಟ್ಟುಹೋಯಿತು. ಸುದ್ದಿ ತಿಳಿದಾಗ ಅವರು, ಬೆಂಕಿ ನಿಮಗೆ ಶತ್ರು, ಮಲಗುವ ಮುನ್ನ ಅದನ್ನು ಆರಿಸಿ ಎಂದು ತಾಕೀತು ಮಾಡಿದರು. ಬುಖಾರಿ, ಮುಸ್ಲಿಮ್‌ಗಳಲ್ಲಿ ಅಬೂ ಮೂಸಾ(ರ) ಅವರಿಂದ ಇದು ವರದಿಯಾಗಿದೆ. ದೀಪವೊಂದನ್ನು ಆರಿಸದೆ ಮಲಗಬಾರದೆಂದರೆ, ಹೊಲದ ಬದುವಿನಲ್ಲಿ ಹೊಗೆಯಾಡುವ ಕಸವನ್ನು ಬಿಟ್ಟು ಮನೆಗೆ ಬರುವುದು ಹೇಗೆ?

ಇನ್ನು ಮೂರನೆಯ ಉತ್ತರ, ಬೆರಳು ತೋರಿಸುವುದು. ಕಾಡಿಗೆ ಬೆಂಕಿ ಬಿದ್ದ ಮಾರನೆಯ ದಿನ ಮೊಬೈಲಿಗೆ ಏನೇನು ಬರುತ್ತದೆ ಎಂದು ನಿಮಗೆ ಗೊತ್ತು. ಆ ಜಾತಿಯವರು, ಈ ಧರ್ಮದವರು, ಆ ಹಾಡಿಯವರು. ನಮ್ಮ ಮೇಲೂ ಇಂಥ ಮಾತು ಬಂದಾಗ ನಮಗೆ ಹೇಗೆ ನೋಯುತ್ತದೆ ಎಂದು ನಾವು ಬಲ್ಲೆವು. ಹಾಗಿರುವಾಗ ಇನ್ನೊಬ್ಬರ ಮೇಲೆ ಅದೇ ಮಾತನ್ನು ನಾವು ಹೇಗೆ ಕಳಿಸುತ್ತೇವೆ? ಸುದ್ದಿ ಬಂದರೆ ಪರಿಶೀಲಿಸಬೇಕೆಂದೂ, ಇಲ್ಲವಾದರೆ ತಿಳಿಯದೆ ಒಂದು ಜನಾಂಗಕ್ಕೆ ಅನ್ಯಾಯ ಮಾಡಿ ಆಮೇಲೆ ಪಶ್ಚಾತ್ತಾಪ ಪಡಬೇಕಾದೀತೆಂದೂ ಸೂರಃ ಅಲ್ ಹುಜುರಾತ್ ಎಚ್ಚರಿಸಿದೆ. ಅದೇ ಸೂರಃ ಮುಂದೆ ಗುಮಾನಿಯಿಂದ ದೂರವಿರಲು ಆಜ್ಞಾಪಿಸಿದೆ. ಆಡು ಕಾಯುವ ಆ ಹುಡುಗನ ಬೆನ್ನಿಗೆ ಬಿದ್ದ ಏಟಿನ ಶಬ್ದ ನಮಗೆ ಇಂದಿಗೂ ಕೇಳುತ್ತದೆ. ಅವನು ಮಾಫ್ ಮಾಡಿದ. ಅಲ್ಲಾಹನೂ ಮಾಫ್ ಮಾಡಲಿ.

ಹಾಗೆಂದು ದೊಡ್ಡವರ ಪಾಲನ್ನು ಮರೆಯಬೇಕಿಲ್ಲ. ಹಡಗಿನ ಹದೀಸ್ ನಿಮಗೆ ಗೊತ್ತಿದೆ. ಕೆಲವರಿಗೆ ಮೇಲಿನ ಅಂತಸ್ತು, ಕೆಲವರಿಗೆ ಕೆಳಗಿನದು. ಕೆಳಗಿನವರು ನೀರಿಗಾಗಿ ತಮ್ಮ ಪಾಲಿನ ಜಾಗದಲ್ಲಿ ತೂತು ಕೊರೆಯಲು ಹೊರಟರೆ, ಮೇಲಿನವರು ತಡೆದರೆ ಎಲ್ಲರೂ ಉಳಿಯುತ್ತಾರೆ, ಬಿಟ್ಟರೆ ಎಲ್ಲರೂ ಮುಳುಗುತ್ತಾರೆ. ಇಂದಿನ ಹಡಗಿನಲ್ಲಿ ಹೆಚ್ಚು ತೂತು ಕೊರೆಯುತ್ತಿರುವವರು ಮೇಲಿನ ಅಂತಸ್ತಿನವರು. ಒಬ್ಬ ಅಮೆರಿಕನ್ ವರ್ಷಕ್ಕೆ ಸರಾಸರಿ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್ ಬಿಟ್ಟರೆ ಒಬ್ಬ ಭಾರತೀಯನ ಪಾಲು ಸುಮಾರು 2 ಟನ್. ನಮ್ಮೊಳಗೂ ಹಾಗೆಯೇ. ಎರಡು ಕಾರು, ಮೂರು ಏಸಿ ಇರುವ ಮನೆಯ ಪಾಲನ್ನೂ ಹಳೇ ಅಣಗಳ್ಳಿಯ ಕೂಲಿಯವನ ಪಾಲನ್ನೂ ಒಂದೇ ತಕ್ಕಡಿಯಲ್ಲಿಡಲಾಗದು. ಆದರೆ ನೀರು ನುಗ್ಗಿದಾಗ ಮೊದಲು ಮುಳುಗುವುದು ಕೂಲಿಯವನ ಮನೆ. ಅನ್ಯಾಯವನ್ನು ಅನ್ಯಾಯ ಎನ್ನುವುದು ನಮ್ಮ ಕರ್ತವ್ಯ. ಅದೇ ಉಸಿರಿನಲ್ಲಿ ನಮ್ಮ ಕೈಯಲ್ಲಿರುವ ಉಳಿಯನ್ನೂ ಕೆಳಗಿಡಬೇಕು.

ಬಿಸಿಲು ನಮ್ಮ ರೊಟ್ಟಿಗೂ ಕೈ ಹಾಕಿದೆ. ನಮ್ಮಲ್ಲಿ ಎಷ್ಟೋ ಮನೆಗಳು ರೇಷ್ಮೆಯನ್ನೇ ನೆಚ್ಚಿಕೊಂಡಿವೆ. ಹುಳು ಸಾಕುವವರಿಗೆ ಗೊತ್ತು, ಹುಳುವಿನ ಮನೆ 24ರಿಂದ 28 ಡಿಗ್ರಿಯ ಆಸುಪಾಸಿನಲ್ಲಿರಬೇಕು. ಏಪ್ರಿಲಿನಲ್ಲಿ ನಾಲ್ಕನೇ ಜ್ವರ ಎದ್ದ ಹುಳು ಸೆಕೆಗೆ ಸೊಪ್ಪು ಬಿಟ್ಟರೆ, ಗೂಡು ತೆಳುವಾದರೆ, ನೂಲು ಬಿಚ್ಚುವವನ ಕೈಗೂ ಕೂಲಿ ಹುಟ್ಟುವುದಿಲ್ಲ. ಕಿಟಕಿಗೆ ಒದ್ದೆ ಗೋಣಿ ಕಟ್ಟುವ ಹೆಣ್ಣುಮಕ್ಕಳಿಗೆ ಹವಾಮಾನ ಬದಲಾವಣೆಯ ಪಾಠ ಹೇಳಿಕೊಡಬೇಕಿಲ್ಲ.

ಸೂರಃ ಅರ್‌ರೂಮ್‌ನ 41ನೇ ವಚನ ಇದನ್ನೇ ತಿಳಿಸುತ್ತದೆ. ಜನರ ಕೈಗಳ ಗಳಿಕೆಯಿಂದ ನೆಲದಲ್ಲೂ ಕಡಲಲ್ಲೂ ಫಸಾದ್ ಕಾಣಿಸಿಕೊಂಡಿದೆ, ಅವರು ಮಾಡಿದ್ದರಲ್ಲಿ ಕೆಲವನ್ನು ಅವರಿಗೆ ಉಣಿಸುವುದಕ್ಕಾಗಿ, ಅವರು ಮರಳಲೆಂದು ಎಂಬುದು ಅದರ ಸಾರ. ಎರಡು ಸಂಗತಿಗಳನ್ನು ಗಮನಿಸಿ. ಕೆಲವನ್ನು ಮಾತ್ರ, ಎಲ್ಲವನ್ನಲ್ಲ. ಎಲ್ಲವನ್ನೂ ಉಣಿಸಿದ್ದರೆ ನಾವು ಉಳಿಯುತ್ತಿರಲಿಲ್ಲ. ಇನ್ನೊಂದು, ಮರಳಲೆಂದು. ಬಾಗಿಲು ಇನ್ನೂ ತೆರೆದಿದೆ.

ಮರಳುವುದು ಎಂದರೆ ಏನು ಮಾಡುವುದು? ನಮ್ಮ ಕೈಗೆ ಎಟಕುವಷ್ಟನ್ನು ಹೇಳುತ್ತೇವೆ.

ಇಂದಿನಿಂದ ಮೇ ಮುಗಿದು ಮಳೆ ಹಿಡಿಯುವವರೆಗೆ ಕಾಡಿನ ಅಂಚಿನ ಯಾವ ಹೊಲದಲ್ಲೂ ಕಸ, ತರಗು, ಬೇಲಿ ಸುಡುವುದಿಲ್ಲ ಎಂದು ನಿಯ್ಯತ್ ಮಾಡೋಣ. ಕಬ್ಬಿನ ತರಗನ್ನು ಸಾಲಿನ ನಡುವೆ ಹೊದಿಸಿದರೆ ನೆಲದ ತೇವ ಉಳಿಯುತ್ತದೆ, ಕೊಳೆತು ಗೊಬ್ಬರವೂ ಆಗುತ್ತದೆ. ಮಹದೇಶ್ವರ ಬೆಟ್ಟದ ದಾರಿ, ಬಿಳಿಗಿರಿಯ ದಾರಿಯಲ್ಲಿ ಲಾರಿ, ಆಟೋ, ಬೈಕು ಓಡಿಸುವ ಯುವಕರೇ, ನಿಮ್ಮ ಬೆರಳ ತುದಿಯ ಬೀಡಿ ಸಿಗರೇಟು ಕಿಟಕಿಯಿಂದ ಹೊರಗೆ ಹೋಗಕೂಡದು. ಬಿಟ್ಟೇಬಿಟ್ಟರೆ ಇನ್ನೂ ಒಳ್ಳೆಯದು, ರಮಝಾನ್ ಬಾಗಿಲಿಗೆ ಬಂದಿದೆ. ಕಾಡಿನಲ್ಲಿ ಹೊಗೆ ಕಂಡರೆ ವೀಡಿಯೊ ಮಾಡುವ ಮೊದಲು ಹತ್ತಿರದ ಅರಣ್ಯ ಕಚೇರಿಗೋ 112ಕ್ಕೋ ಕರೆ ಮಾಡಿ.

ನೀರಿನ ಬಗ್ಗೆ ಒಂದು ಮಾತು. ಪ್ರವಾದಿ(ಸ) ಒಂದು ಮುದ್ದ್ ನೀರಿನಲ್ಲಿ ವುಝೂ ಮುಗಿಸುತ್ತಿದ್ದರು. ನಮ್ಮ ಅಳತೆಗೆ ಅದು ಹೆಚ್ಚೆಂದರೆ ಒಂದು ಲೀಟರಿನ ಬಾಟಲಿ. ನಾವು ನಲ್ಲಿ ತೆರೆದಿಟ್ಟು ಮಾತಾಡುತ್ತಾ ತೋಳು ತೊಳೆಯುತ್ತೇವೆ. ವುಝೂ ಮಾಡಿದ ನೀರು ಚರಂಡಿಗೆ ಹೋಗದೆ ಮಸೀದಿಯ ಹಿಂದಿನ ಗಿಡಗಳಿಗೆ ಹೋಗುವಂತೆ ಮಾಡಬೇಕೆಂದು ಜಮಾಅತ್‌ನ ಹಿರಿಯರಲ್ಲಿ ವಿನಂತಿ. ಖಿಯಾಮತ್ ಬಂದುಬಿಟ್ಟರೂ ಕೈಯಲ್ಲಿರುವ ಸಸಿಯನ್ನು ಸಾಧ್ಯವಾದರೆ ನೆಟ್ಟುಬಿಡಿ ಎಂದು ಕಲಿಸಿದ ಪ್ರವಾದಿಯ ಉಮ್ಮತ್ ನಾವು. ಆ ಸಸಿ ಮುಂದೆ ನೆರಳು ಕೊಡುವುದನ್ನು ನೋಡಲು ಅಲ್ಲಿ ಯಾರೂ ಇರುವುದಿಲ್ಲ. ಆದರೂ ನೆಡಬೇಕು. ನಮ್ಮ ಕೆಲಸ ನೆಡುವುದು, ಫಲ ಅಲ್ಲಾಹನದು.

ಕೊನೆಯದಾಗಿ, ಕಷ್ಟ ಬಂದಾಗ ಪಾಲು ಹಂಚಿಕೊಳ್ಳುವುದು. ಹಝ್ರತ್ ಉಮರ್(ರ) ಅವರ ಖಿಲಾಫತ್‌ನಲ್ಲಿ, ಹಿಜರಿ 18ರ ಹೊತ್ತಿಗೆ, ಅರೇಬಿಯಾದಲ್ಲಿ ಭೀಕರ ಬರ ಬಿತ್ತು. ನೆಲ ಬೂದಿಯ ಬಣ್ಣಕ್ಕೆ ತಿರುಗಿತೆಂದು ಅದಕ್ಕೆ ಬೂದಿಯ ವರ್ಷ ಎಂದೇ ಹೆಸರಾಯಿತು. ಅವರು ಹೊರಗಿನ ಪ್ರಾಂತ್ಯಗಳಿಂದ ಧಾನ್ಯ ತರಿಸಿ ಹಸಿದವರಿಗೆ ಊಟ ಹಾಕಿಸಿದರು. ಜನರ ಕಷ್ಟ ತೀರುವವರೆಗೆ ತಾವು ತುಪ್ಪವನ್ನೂ ಮಾಂಸವನ್ನೂ ಮುಟ್ಟಲಿಲ್ಲ. ನಮ್ಮ ಬೈತುಲ್ ಮಾಲ್‌ನಲ್ಲಿ ಒಂದು ಪಾಲನ್ನು ಈಗಲೇ, ಹೊಳೆ ಉಕ್ಕುವ ಮೊದಲೇ, ನದಿ ದಂಡೆಯ ಕುಟುಂಬಗಳಿಗಾಗಿ ತೆಗೆದಿಡೋಣ. ಅವರು ಯಾವ ಮತದವರು ಎಂದು ಕೇಳುವುದು ಬೇಡ. ಪ್ರವಾಹವೂ ಕೇಳಿರಲಿಲ್ಲ. ಈ ಬೇಸಿಗೆಯಲ್ಲಿ ಬೆಂಕಿ ಕಾಯುವ ಸೋಲಿಗ ಯುವಕರಿಗೆ, ಅರಣ್ಯ ಸಿಬ್ಬಂದಿಗೆ ನೀರು, ಮಜ್ಜಿಗೆ, ಒಂದು ಹೊತ್ತಿನ ಬುತ್ತಿ ತಲುಪಿಸಲು ನಮ್ಮ ಯುವಕರು ಮುಂದೆ ಬರಲಿ. ರಮಝಾನಿನ ಇಫ್ತಾರಿನಲ್ಲಿ ತಟ್ಟೆಯಲ್ಲಿ ಬಿಟ್ಟು ಎಸೆಯುವ ಅನ್ನ ಕಡಿಮೆ ಮಾಡಿದರೆ ಅಷ್ಟಕ್ಕೆ ಹಣ ಹೊಂದುತ್ತದೆ.

ಮೋಡ ಕಟ್ಟಿದಾಗ, ಬಿರುಗಾಳಿ ಎದ್ದಾಗ ಪ್ರವಾದಿ(ಸ)ರ ಮುಖದ ಬಣ್ಣ ಬದಲಾಗುತ್ತಿತ್ತು, ಒಳಗೆ ಹೊರಗೆ ಓಡಾಡುತ್ತಿದ್ದರು ಎಂದು ಹಝ್ರತ್ ಆಯಿಶಾ(ರ) ವರದಿ ಮಾಡಿದ್ದಾರೆ. ಮೋಡ ನೋಡಿ ಮಳೆ ಬಂತೆಂದು ಹಿಗ್ಗಿದ ಆದ್ ಜನಾಂಗಕ್ಕೆ ಅದರಿಂದಲೇ ಶಿಕ್ಷೆ ಬಂದದ್ದು ಅವರಿಗೆ ನೆನಪಾಗುತ್ತಿತ್ತು. ಪಾಪವಿಲ್ಲದ ಪ್ರವಾದಿಗೆ ಅಷ್ಟು ಭಯವಿತ್ತು. ಬೆಂಕಿಯನ್ನೂ ನೆರೆಯನ್ನೂ ಕಣ್ಣಾರೆ ಕಂಡ ನಮಗೆ ಎಷ್ಟಿರಬೇಕು?

ಯಾ ಅಲ್ಲಾಹ್, ನಮ್ಮ ಕೈಗಳಿಂದಾದ ತಪ್ಪುಗಳನ್ನು ಮಾಫ್ ಮಾಡು. ನಮ್ಮ ತಪ್ಪಿಗಾಗಿ ಏಟು ತಿಂದವರ ಮುಂದೆ ನಿಂತು ತಪ್ಪೊಪ್ಪಿಕೊಳ್ಳುವ ಧೈರ್ಯ ಕೊಡು. ನಮ್ಮ ಬೆಟ್ಟಗಳನ್ನು, ಅಲ್ಲಿನ ಜೀವಗಳನ್ನು, ಬೆಂಕಿಯ ಮುಂದೆ ನಿಲ್ಲುವವರನ್ನು ಕಾಪಾಡು. ಹದವಾದ ಮಳೆಯನ್ನು, ಉಪಕಾರಿಯಾದ ಮಳೆಯನ್ನು, ಹಾನಿ ಮಾಡದ ಮಳೆಯನ್ನು ಕರುಣಿಸು. ಕಾವೇರಿ ದಂಡೆಯ ಮನೆಗಳಿಗೂ ವಯನಾಡಿನ ಅನಾಥರಿಗೂ ನೆಮ್ಮದಿ ನೀಡು. ನಮ್ಮನ್ನು ಭೂಮಿಯಲ್ಲಿ ಫಸಾದ್ ಮಾಡುವವರ ಸಾಲಿಗೆ ಸೇರಿಸಬೇಡ, ಸರಿಪಡಿಸುವವರ ಸಾಲಿಗೆ ಸೇರಿಸು. ಆಮೀನ್, ಯಾ ರಬ್ಬಲ್ ಆಲಮೀನ್.